ಎಲ್ಲರದ್ದು ಅಂದುಕೊಂಡಿದ್ದ ಸಾಲು

ಕಾರ್ಖಾನೆಯ ಯಂತ್ರಗಳೊಳಗೆ ಕೂರುವ ಪುಟ್ಟ ಕಂಪ್ಯೂಟರುಗಳಿಗೆ ನಮ್ಮ ವೈಟ್‌ಫೀಲ್ಡ್ ಆಫೀಸಿನಲ್ಲಿ ಆಪರೇಟಿಂಗ್ ಸಿಸ್ಟಮ್ ತಯಾರಾಗುತ್ತದೆ. ಅದರಲ್ಲಿ ನೆಟ್‌ವರ್ಕ್ ಕಾರ್ಡುಗಳ ಜೊತೆ ಮಾತಾಡುವ ಭಾಗ, ಅಂದರೆ ಡ್ರೈವರ್, ನನ್ನ ಸುಪರ್ದಿಯದು. ಎಲ್ಲ ಕಾರ್ಡಿಗೂ ಬೇಕಾಗುವ ಕೋಡ್ ಒಂದು ಕಾಮನ್ ಫೈಲಿನಲ್ಲಿರಬೇಕು, ಒಂದೊಂದು ಕಾರ್ಡಿನ ಸ್ವಂತ ಚಾಳಿಗಳು ಅದರದರ ಫೈಲಿನಲ್ಲಿರಬೇಕು. ಈ ಕಟ್ಟುಪಾಡು ಹಾಕಿದವನು ನಾನೇ. ಯಾರಾದರೂ ತಮ್ಮ ಕಾರ್ಡಿನ ಗೋಳನ್ನು ತಂದು ಕಾಮನ್ ಫೈಲಿಗೆ ತುರುಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದೇನು ಛತ್ರವೇ, ಬಂದವರೆಲ್ಲ ಗಂಟುಮೂಟೆ ಇಳಿಸುವುದಕ್ಕೆ ಅಂತ ಕೂಗಾಡಿದ್ದೂ ಉಂಟು. ನನ್ನ ಸಿಟ್ಟಿನ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಹೋದ ವರ್ಷ ಪೀಣ್ಯದ ಒಂದು ಸಣ್ಣ ಕಂಪನಿ ಹೊಸ ಕಾರ್ಡ್ ಮಾಡಿತು. ಅದರ ಡ್ರೈವರ್ ಬರೆಯುತ್ತಿದ್ದವರು ಗದಗದ ಕಡೆಯ ಒಬ್ಬ ಹೆಣ್ಣುಮಗಳು, ಟಿ. ದಾಸರಹಳ್ಳಿಯಲ್ಲಿ ಬಾಡಿಗೆಗೆ ಇದ್ದವರು. ಪವರ್ ಕೊಟ್ಟ ಮೇಲೆ ಆ ಕಾರ್ಡು ಏಳುವುದು ನಿಧಾನ. ಪೂರ್ತಿ ಏಳುವ ಮೊದಲೇ ‘ಕೇಬಲ್ ಸಿಕ್ಕಿಸಿದೆಯೇ’ ಎಂದು ಕೇಳಿದರೆ ಇಲ್ಲ ಎಂದುಬಿಡುತ್ತದೆ, ಯಂತ್ರ ನೆಟ್‌ವರ್ಕ್ ಇಲ್ಲವೆಂದು ಸುಮ್ಮನೆ ನಿಲ್ಲುತ್ತದೆ. ಕೇಳುವ ಮೊದಲು ನಮ್ಮ ಕಾಮನ್ ಫೈಲು ಒಂದಿಷ್ಟು ಕಾಯುತ್ತಿತ್ತು. ಅವರ ಕಾರ್ಡಿಗೆ ಅದು ಸಾಲುತ್ತಿರಲಿಲ್ಲ.

ಅವರು ಕಳಿಸಿದ ತಿದ್ದುಪಡಿಯನ್ನು ತೆರೆದೆ. ನನ್ನ ಕಾಮನ್ ಫೈಲಿನಿಂದ ಒಂದು ಸಾಲನ್ನು ಅಳಿಸಿಹಾಕಿದ್ದರು. ಅಷ್ಟೇ ಸಾಕಾಯಿತು, ಮುಂದಕ್ಕೆ ಓದಲೇ ಇಲ್ಲ. ನಿಮ್ಮ ಕಾರ್ಡಿನ ಕಷ್ಟ ನಿಮ್ಮ ಫೈಲಿನಲ್ಲೇ ಇರಲಿ ಎಂದು ಬರೆದು ವಾಪಸ್ ಕಳಿಸಿದೆ. ಮಾರನೆಯ ದಿನ ಅವರು ಫೋನ್ ಮಾಡಿದರು.

“ನಮ್ಮ ಫೈಲ್‌ನ್ಯಾಗ ಹಾಕಾಕ ಬರಂಗಿಲ್ರಿ ಸರ್. ನಿಮ್ಮ ಕಾಮನ್ ಫೈಲು ನಮ್ಮ ಫೈಲನ್ನ ಕರ್ಯೋದ್ರಾಗ ಕೇಬಲ್ ಐತೇನು ಅಂತ ಕೇಳಿ ಮುಗಿಸಿರ್ತೈತ್ರಿ, ಭಾಳ ತಡ ಆಗಿರ್ತೈತ್ರಿ.”

ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವರು ಬಿಡದೆ ಇನ್ನೊಂದು ಮಾತು ಹೇಳಿದರು. ಯಂತ್ರ ತಯಾರಿಸುವ ಒಬ್ಬರು ನಮ್ಮ ಈ ಸಲದ ರಿಲೀಸಿನಲ್ಲಿ, ಅಂದರೆ ಹೊಸ ಆವೃತ್ತಿಯಲ್ಲಿ, ಓಡುವ ಕಾರ್ಡನ್ನೇ ಕೊಳ್ಳುತ್ತಾರಂತೆ. ಇದು ತಪ್ಪಿದರೆ ಆಕೆಯ ಕಂಪನಿ ಆ ಕಾರ್ಡನ್ನೇ ನಿಲ್ಲಿಸುತ್ತದೆ, ಅದನ್ನು ಮಾಡಿದ ಆಕೆಯ ಟೀಮನ್ನೂ ಮನೆಗೆ ಕಳಿಸುತ್ತದೆ. ಎಲ್ಲರಿಗೂ ಅರ್ಜೆಂಟೇ ಇರುತ್ತದೆ ಮೇಡಂ ಎಂದು ನಾನು ಫೋನ್ ಇಟ್ಟೆ.

ಕೊನೆಗೆ ನಮ್ಮ ಮ್ಯಾನೇಜರೇ ಅವರನ್ನು ಮೀಟಿಂಗಿಗೆ ಕರೆಸಿದರು. ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದರು. ನೀರು ಬೇಕಾ ಅಂತಲೂ ಕೇಳದೆ ನಾನು ಕಾಮನ್ ಫೈಲನ್ನು ದೊಡ್ಡ ಪರದೆಯ ಮೇಲೆ ಹಾಕಿ ಪಾಠಕ್ಕೆ ನಿಂತೆ. ಇಲ್ಲಿ ಯಾವ ಕಾರ್ಡಿನ ಹೆಸರೂ ಇರಕೂಡದು, ಯಾರದೂ ಹೆಚ್ಚಲ್ಲ ಯಾರದೂ ಕಡಿಮೆಯಲ್ಲ ಅಂತೆಲ್ಲ ಕೊರೆದೆ. ಅವರು ಪರದೆಯ ಕಡೆ ಕೈ ತೋರಿಸಿದರು.

“ಆ ಕಾಯೋ ಸಾಲು ಯಾವ ಕಾರ್ಡಿಂದ್ರಿ ಸರ್?”

ನೋಡಿದೆ. ಅವರು ಅಳಿಸಿದ್ದ ಸಾಲು ಅದೇ. ಅದರ ಪಕ್ಕದಲ್ಲಿ ನಮ್ಮ ಕಂಪನಿಯೇ ಹಿಂದೆ ಮಾಡಿದ್ದ ಮೊಟ್ಟಮೊದಲ ಕಾರ್ಡಿನ ಹೆಸರಿತ್ತು. ಬರೆದವನೂ ನಾನೇ. ನಮ್ಮ ಕಾರ್ಡು ಏಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟನ್ನೇ ಊರಿನ ಕಾರ್ಡುಗಳಿಗೆಲ್ಲ ಅಳತೆ ಮಾಡಿ ಇಟ್ಟಿದ್ದೆ. ಮೊದಲು ಬಂದಿದ್ದು ನಮ್ಮದಾದ್ದರಿಂದ ಅದು ನಮ್ಮದು ಎನ್ನುವುದೇ ಮರೆತುಹೋಗಿತ್ತು. ಆಕೆ ಆ ಸಾಲನ್ನು ತೆಗೆದು ನಮ್ಮ ಕಾರ್ಡಿನ ಫೈಲಿಗೆ ಸಾಗಿಸಿದ್ದರು. ಎಷ್ಟು ಹೊತ್ತು ಕಾಯಬೇಕೆಂದು ಕಾಮನ್ ಫೈಲು ಆಯಾ ಕಾರ್ಡಿನ ಫೈಲನ್ನೇ ಕೇಳುವ ಹಾಗೆ ಮಾಡಿದ್ದರು. ನನ್ನ ಕಟ್ಟುಪಾಡನ್ನು ನನಗಿಂತ ಚೆನ್ನಾಗಿ ಪಾಲಿಸಿದ್ದರು, ಅಷ್ಟೇ.

ಮೇಜಿನ ಸುತ್ತ ಕೂತ ನಮ್ಮ ಹುಡುಗರು ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿದರು. ತಪ್ಪಾಯಿತು, ಇವತ್ತೇ ಸೇರಿಸೋಣ ಎಂದಿದ್ದರೆ ಮುಗಿಯುತ್ತಿತ್ತು. ರಿಲೀಸ್ ಮುಚ್ಚುವುದಕ್ಕೆ ಇನ್ನೂ ಸಮಯವಿತ್ತು. ಮ್ಯಾನೇಜರು ಕೂಡ ಹಾಕಿಬಿಡೋಣವಾ ಎಂಬಂತೆ ನನ್ನ ಮುಖ ನೋಡಿದರು.

“ಅದು ಬೇರೆ ವಿಷಯ, ಮೇಡಂ. ಮುಂದಿನ ರಿಲೀಸ್‌ನಲ್ಲಿ ನೋಡೋಣ” ಎಂದೆ.

ಥೂ! ಈಗ ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಡ್ರೈವರ್ ವಿಚಾರದಲ್ಲಿ ಕೊನೆಯ ಮಾತು ನನ್ನದೇ ಆದ್ದರಿಂದ ಯಾರೂ ಎದುರಾಡಲಿಲ್ಲ. ಆಕೆ ಬ್ಯಾಗ್ ತೆಗೆದುಕೊಂಡು ಎದ್ದರು. ಲಿಫ್ಟಿನವರೆಗಾದರೂ ಜೊತೆಗೆ ಹೋಗೋಣವೆಂದುಕೊಂಡೆ, ಹೋಗಲಿಲ್ಲ.

ರಿಲೀಸ್ ಆದ ಮೇಲೆ ಒಂದು ಮಧ್ಯಾಹ್ನ ಕೂತು ಅವರ ತಿದ್ದುಪಡಿಯನ್ನು ಅವರು ಬರೆದಂತೆಯೇ ಸೇರಿಸಿದೆ. ಊಟ ಮುಗಿಸಿ ಕೂತವನು ಕಾಫಿಯ ಹೊತ್ತಿಗೆ ಎದ್ದೆ, ಅಷ್ಟು ಸಲೀಸಾದ ಕೆಲಸ. ನಮ್ಮ ಕಾರ್ಡಿಗೂ ಏನೂ ಆಗಲಿಲ್ಲ. ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿ, ನಿಮ್ಮ ಕೋಡ್ ಒಳಗೆ ಬಂತು ಎಂದೆ.

“ಛಲೋ ಆತ್ರಿ ಸರ್. ಆದ್ರ ಆ ಕಾರ್ಡ್ ಈಗ ಮಾಡಂಗಿಲ್ರಿ, ನಿಲ್ಲಿಸ್ಯಾರ. ನಮ್ಮ ಫೈಲ್ ತಗದ ಬಿಡ್ರಿ, ಸುಮ್ನ ನಿಮಗ್ಯಾಕ ಭಾರ.”

ಈಗ ಎಲ್ಲಿದ್ದೀರಿ ಎಂದು ಕೇಳಿದೆ. ಕೆಲಸ ಹುಡುಕುತ್ತಿದ್ದೇನೆ ಎಂದರು, ದನಿಯಲ್ಲಿ ಕೊಂಕು ಇರಲಿಲ್ಲ. ಕ್ಷಮಿಸಿ ಎನ್ನಬೇಕಿತ್ತು. ಆಯ್ತು ಮೇಡಂ ಎಂದು ಇಟ್ಟುಬಿಟ್ಟೆ.

ಆ ಫೈಲನ್ನು ನಾನು ತೆಗೆದಿಲ್ಲ. ಅದನ್ನು ಬಳಸುವ ಯಂತ್ರ ಎಲ್ಲೂ ಇಲ್ಲ. ಯಾವ ಕಾರ್ಡಿನ ಕೋಡ್ ಎಲ್ಲಿರಬೇಕು ಎನ್ನುವುದಕ್ಕೆ ನಮ್ಮವರು ಹೊಸಬರಿಗೆ ಅದನ್ನೇ ತೋರಿಸುತ್ತಾರೆ, ನಮ್ಮ ಸಾರ್ ಎಷ್ಟು ಚೊಕ್ಕವಾಗಿ ಇಟ್ಟಿದ್ದಾರೆ ನೋಡಿ ಎನ್ನುತ್ತಾರೆ. ನಾನು ಅಲ್ಲೇ ಕೂತಿರುತ್ತೇನೆ, ಅದು ನನ್ನದಲ್ಲ ಎನ್ನುವುದಿಲ್ಲ.