ದೊಡ್ಡಪ್ಪನ ಜಿಂಕೆ

ನಮ್ಮ ದೊಡ್ಡಪ್ಪ ನಲವತ್ತು ಜಿಂಕೆ ಹೊಡೆದವನು. ಹಾಗೆಂದು ಅವನೇ ಹೇಳುತ್ತಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದು ಇಪ್ಪತ್ತರ ಹತ್ತಿರ ಇತ್ತು. ನಾನು ಹೈಸ್ಕೂಲು ಸೇರುವಷ್ಟರಲ್ಲಿ ಗುಡ್ಡದಲ್ಲಿ ಜಿಂಕೆಗಳು ಕಡಿಮೆಯಾಗುತ್ತ ಬಂದವು, ದೊಡ್ಡಪ್ಪನ ಬಾಯಲ್ಲಿ ಹೆಚ್ಚಾಗುತ್ತ ಹೋದವು.

ನಮ್ಮೂರು ಕನಕಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಊರ ಹಿಂದೆ ಗೋಮಾಳ, ಗೋಮಾಳದ ಹಿಂದೆ ಸರ್ಕಾರದ ಗುಡ್ಡ. ಎರಡಕ್ಕೂ ಬೇಲಿ ಇರಲಿಲ್ಲ, ಹಾಗಾಗಿ ಎರಡೂ ನಮ್ಮವೇ ಅಂದುಕೊಂಡಿದ್ದೆವು. ಬೇಟೆಯಾಡಿದರೆ ಕೇಸಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಮುಖ ಮಾಡುವುದನ್ನು ಮನೆಯಲ್ಲಿ ಮಕ್ಕಳಿಗೂ ಕಲಿಸಿದ್ದರು. ರಾಗಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ದೊಡ್ಡಪ್ಪನ ಹೆಸರಿಗೆ ಒಂದು ಒಂಟಿ ನಳಿಗೆಯ ಕೋವಿಯೂ ಅದರ ಲೈಸನ್ಸೂ ಇದ್ದವು. ಕೋವಿ ಅವನ ಹೆಗಲ ಮೇಲಿದ್ದಾಗ ಊರಿನ ಬೀದಿ ಅವನಿಗೆ ಸಾಲುತ್ತಿರಲಿಲ್ಲ.

ನಮ್ಮಪ್ಪ ಅವನ ತಮ್ಮ. ಮಾತು ಕಡಿಮೆ. ಗಂಡುಮಕ್ಕಳಿಲ್ಲದ ಅಪ್ಪ ನನ್ನನ್ನೇ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದ. ಜಿಂಕೆಯ ಹಿಕ್ಕೆ ಇವತ್ತಿನದೋ ನಿನ್ನೆಯದೋ ಅಂತ ಬೆರಳಲ್ಲಿ ಒತ್ತಿ ನೋಡುವುದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಒಂದು ಹಿಡಿ ಮಣ್ಣು ಉದುರಿಸಿ ನೋಡುವುದು, ಲಾಂಟಾನ ಪೊದೆಯೊಳಗೆ ಸದ್ದಿಲ್ಲದೆ ನುಸುಳುವುದು, ಎಲ್ಲ ಅವನೇ ಕಲಿಸಿದ. ಹೆಣ್ಣು ಮಗು ಬೇಟೆಗೆ ಬಂದರೆ ಬೇಟೆ ಬೀಳುವುದಿಲ್ಲ ಅಂತ ದೊಡ್ಡಪ್ಪ ಪ್ರತಿ ಸಲವೂ ಗೊಣಗುತ್ತಿದ್ದ. ಬೀಳುತ್ತಿದ್ದದ್ದು ನಾನು ಹೊಂಚು ಹಾಕಿ ಮಲಗಿದ್ದ ಕಡೆಯೇ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಮನೆಯಲ್ಲಿ ಮಾಂಸ ಬೇಯಲೇಬೇಕು. ನನಗೆ ಹನ್ನೆರಡು ವರ್ಷವಾಗಿದ್ದಾಗಿನ ಹೊಸತೊಡಕು ಚೆನ್ನಾಗಿ ನೆನಪಿದೆ. ದೊಡ್ಡಪ್ಪ ಊರೊಳಗಿಂದ ಕೋವಿ ಹೊತ್ತು ಮುಂದೆ ನಡೆದ, ಉಳಿದ ಗಂಡಸರು ನಾಯಿಗಳನ್ನು ಹಿಡಿದು ಹಿಂದೆ. ಗುಡ್ಡದ ಬುಡಕ್ಕೆ ಬಂದ ತಕ್ಷಣ ಅವನು ಕೋವಿಯನ್ನು ಅಪ್ಪನ ಕೈಗೆ ಕೊಟ್ಟ.

"ಇಡ್ಕಳ್ಳಾ. ನನ್ ಮಂಡಿ ಯಾಕೋ ಒಸಿ ನೋಯ್ತಾ ಐತೆ."

ಆ ಮಂಡಿ ವರ್ಷದಲ್ಲಿ ಅದೊಂದೇ ದಿನ ನೋಯುತ್ತಿತ್ತು. ಅಪ್ಪನೂ ನಾನೂ ಒಂದು ಬಂಡೆಯ ಹಿಂದೆ ಬೋರಲು ಮಲಗಿದೆವು. ಆ ಕಡೆಯಿಂದ ಉಳಿದವರು ತಗಡು ಬಡಿಯುತ್ತ ಕೂಗುತ್ತ ಬಂದರು. ಗಂಡು ಜಿಂಕೆಯೊಂದು ನಮ್ಮ ಮುಂದೆಯೇ ಬಂದು ನಿಂತು ಕಿವಿ ತಿರುಗಿಸಿತು. ನಾನು ಉಸಿರಾಡದಂತೆ ಅಪ್ಪ ನನ್ನ ಬೆನ್ನ ಮೇಲೆ ಎಡಗೈ ಇಟ್ಟ. ಆಮೇಲೆ ಕೈ ತೆಗೆದು ಗುರಿ ಹಿಡಿದು ಹೊಡೆದ. ಅದು ಇದ್ದಲ್ಲೇ ಕುಸಿಯಿತು.

ದೊಡ್ಡಪ್ಪ ಓಡಿ ಬಂದ. ಮಂಡಿಗೇನೂ ಆಗಿರಲಿಲ್ಲ. ಕೋವಿಯನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಹೆಗಲಿಗೇರಿಸಿದ. ಮನೆ ತಲುಪುವ ಹೊತ್ತಿಗೆ ಆ ಜಿಂಕೆಯನ್ನು ಹೊಡೆದವನು ಅವನಾಗಿದ್ದ. ಅದರ ಕೊಂಬು ನಮ್ಮ ನಡುಮನೆಯ ಗೋಡೆಗೆ ಬಂತು. ಅಜ್ಜಿ ಅದಕ್ಕೆ ಹಿಟ್ಟಿನ ಜರಡಿ ನೇತುಹಾಕುತ್ತಿದ್ದಳು. ಆವತ್ತು ನನಗೆ ಜಿಂಕೆಯ ಮೇಲೆ ಕನಿಕರ ಬಂತೆಂದು ಈಗ ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಬಡಿಸಿಕೊಂಡು ಮೂಳೆ ಚೀಪಿದವಳು ನಾನು.

ಎರಡು ಸಾವಿರದ ಇಸವಿ ಕಳೆದ ಮೇಲೆ ರಸ್ತೆ ಅಗಲವಾಯಿತು, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳೆದ್ದವು, ನಮ್ಮ ಗುಡ್ಡಕ್ಕೆ ಕಲ್ಲು ಕ್ವಾರಿ ಬಂತು. ಬೆಂಗಳೂರಿನ ಯಾರೋ ಸಾಹುಕಾರರದು. "ನಮ್ ತಾತನ ಕಾಲದ ಗುಡ್ಡ. ಒಂದ್ ಕಲ್ ಮುಟ್ಲಿ ನೋಡನ!" ಅಂತ ದೊಡ್ಡಪ್ಪ ಟೀ ಅಂಗಡಿಯಲ್ಲಿ ಬೆಂಚು ಗುದ್ದಿದ. ಊರಿನ ಸಭೆಯಲ್ಲಿ ಕ್ವಾರಿಗೆ ತಕರಾರಿಲ್ಲವೆಂಬ ಕಾಗದ ಬಂದಾಗ ಮೊದಲ ರುಜು ಅವನದೇ ಬಿತ್ತು. ಕೇಳಿದವರಿಗೆ, "ಪೆನ್ನು ಮೊದ್ಲು ನನ್ ತಾವ್ಲೇ ಬಂತಲ್ಲ, ಏನ್ ಮಾಡನ?" ಅಂದ.

ದಿನಕ್ಕೆರಡು ಸಲ ಮದ್ದು ಸಿಡಿಯತೊಡಗಿತು. ಗೋಡೆಯ ಮೇಲಿನ ಕೊಂಬು ನಡುಗುತ್ತಿತ್ತು. ಆರು ತಿಂಗಳಲ್ಲಿ ಗುಡ್ಡದಲ್ಲಿ ಒಂದು ಹಿಕ್ಕೆಯೂ ಕಾಣದಂತಾಯಿತು. ಅಪ್ಪ ಬೇಟೆ ಬಿಟ್ಟ. ಬಿಡಲು ಅಲ್ಲೇನೂ ಉಳಿದಿರಲಿಲ್ಲ. ದೊಡ್ಡಪ್ಪ ಮಾತ್ರ ಕ್ವಾರಿ ಆಫೀಸಿನ ಮುಂದೆ ಕೂತು ಮ್ಯಾನೇಜರನಿಗೆ ತನ್ನ ನಲವತ್ತು ಜಿಂಕೆಗಳ ಕತೆ ಹೇಳುತ್ತಿದ್ದ. ಆ ಕತೆ ಸಾಹುಕಾರರ ಕಿವಿಗೆ ಬಿತ್ತು. ಒಂದು ದಿನ ದೊಡ್ಡಪ್ಪ ಬೆವರುತ್ತ ಮನೆಗೆ ಬಂದ.

"ಬಾನ್ವಾರ ಸಾವ್ಕಾರ್ರ ನೆಂಟ್ರು ಬತ್ತಾರಂತೆ ಕಣ್ಲಾ. ಜಿಂಕೆ ಹೊಡಿಬೇಕಂತೆ. ನಾನು ಆಯ್ತು ಅಂದ್ಬುಟ್ಟೆ."

"ಎಲ್ಲೈತಣ್ಣ ಜಿಂಕೆ?" ಅಂದ ಅಪ್ಪ.

"ಅದುನ್ನೇ ನಿನ್ನ ಕೇಳಾಕ್ ಬಂದಿದ್ದು."

ಜಿಂಕೆ ಇಲ್ಲವೆಂದು ಹೇಳಿ ಕಳಿಸುವುದು ಬಿಟ್ಟು ದೊಡ್ಡಪ್ಪ ಕುರಿ ಸಾಕುವ ಒಬ್ಬ ಹೆಂಗಸಿನಿಂದ ಮುದಿ ಹೋತವೊಂದನ್ನು ತಂದ. ಭಾನುವಾರ ಬೆಳಿಗ್ಗೆ ನೆಂಟರು ಬರುವ ಮೊದಲೇ ಹಿತ್ತಲಲ್ಲಿ ಅದನ್ನು ಕಡಿದಾಗಿತ್ತು. ಗೋಡೆಯ ಕೊಂಬನ್ನು ಇಳಿಸಿ ಹುಣಸೆಹಣ್ಣು ಬೂದಿ ಹಾಕಿ ಮಸಿ ಉಜ್ಜಿದವಳು ನಾನೇ. ಆಗ ನಾನು ಪಿಯುಸಿ ಓದುತ್ತಿದ್ದೆ, ಬೇಡ ಅನ್ನುವಷ್ಟು ಬುದ್ಧಿ ಇತ್ತು. ಅನ್ನಲಿಲ್ಲ. ಬಂದವರ ಮುಖ ನೋಡುವ ಆಸೆಯಿತ್ತು.

ನಾಲ್ಕು ಜನ ಬಂದರು. ಒಬ್ಬನ ಕೈಯಲ್ಲಿ ದುಬಾರಿ ರೈಫಲ್ಲು, ಮೈತುಂಬ ಸೆಂಟಿನ ವಾಸನೆ. ಒಂದು ಜಿಂಕೆ ಉಳಿದಿದ್ದರೂ ಆ ವಾಸನೆಗೆ ಮಾಗಡಿ ದಾಟಿ ಓಡುತ್ತಿತ್ತು. ಗುಡ್ಡದ ತಪ್ಪಲಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತರು. ಅಪ್ಪ, ನಾನು, ನಮ್ಮ ಕಡೆಯ ಇನ್ನಿಬ್ಬರು ಹುಡುಗರು ಖಾಲಿ ಗುಡ್ಡದಲ್ಲಿ ತಗಡು ಬಡಿದುಕೊಂಡು ಬಂದೆವು. ಅಪ್ಪ ತಲೆ ಎತ್ತಲೇ ಇಲ್ಲ. ಪೊದೆಯಿಂದ ಒಂದು ಕೌಜುಗದ ಹಕ್ಕಿ ಎದ್ದಿದ್ದೇ ತಡ, ರೈಫಲ್ಲಿನವನು ಎರಡು ಗುಂಡು ಹಾರಿಸಿದ. ಕೌಜುಗಕ್ಕೂ ಏನೂ ಆಗಲಿಲ್ಲ.

"ಬಿತ್ತು ಸಾ! ಬಿತ್ತು! ಹಳ್ಳುಕ್ಕೆ ಬಿತ್ತು!" ಅಂತ ದೊಡ್ಡಪ್ಪ ಆ ಕಡೆಯಿಂದ ಕುಣಿದ. "ನೀವು ಇಳಿಬ್ಯಾಡಿ ಸಾ, ಗಾರ್ಡ್ ಬಂದ್ಬುಟ್ಟಾನು. ನಾವೇ ಸುಲ್ದು ತತ್ತೀವಿ."

ಅರ್ಧ ಗಂಟೆಯ ಮೇಲೆ ಹೋತದ ಮಾಂಸವೂ ಬುಡಕ್ಕೆ ಹೋತದ ರಕ್ತ ಸವರಿದ ನಮ್ಮ ಮನೆಯ ಕೊಂಬೂ ಅವರ ಮುಂದೆ ಬಂದವು. ರೈಫಲ್ಲಿನವನು ಕೊಂಬು ಎತ್ತಿ ಹಿಡಿದು ಕ್ವಾರಿ ಬಂಡೆಯ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ಪಕ್ಕದಲ್ಲಿ ದೊಡ್ಡಪ್ಪ ಎದೆ ಉಬ್ಬಿಸಿ ನಿಂತ. ಮಧ್ಯಾಹ್ನ ನಮ್ಮ ಅಂಗಳದಲ್ಲಿ ಊಟ. ಅಜ್ಜಿ ಎಷ್ಟು ಮೆಣಸು ಅರೆದು ಹಾಕಿದ್ದರೂ ಹೋತದ ಗಬ್ಬು ಬೀದಿಯ ತುದಿಯವರೆಗೆ ಹೊಡೆಯುತ್ತಿತ್ತು.

"ನೋಡ್ರೋ," ಅಂದ ರೈಫಲ್ಲಿನವನು ಗೆಳೆಯರಿಗೆ, ತುಂಡು ಜಗಿಯುತ್ತ. "ಇದೇ ಕಾಡಿನ ಪರಿಮಳ. ಮಟನ್ ಅಂಗಡೀಲಿ ಇದು ಸಿಗುತ್ತಾ?"

ನಾನು ಒಳಗೆ ಓಡಿ ಸೆರಗು ಬಾಯಿಗೆ ತುರುಕಿಕೊಂಡ ಅಜ್ಜಿಯ ಪಕ್ಕ ಕೂತೆ.

ಆ ಫೋಟೋ ದೊಡ್ಡದಾಗಿ ಕ್ವಾರಿ ಆಫೀಸಿನ ಗೋಡೆಗೆ ಏರಿತು. ಎರಡು ತಿಂಗಳಾದ ಮೇಲೆ, ಗಡಿ ಕಲ್ಲು ನೋಡಲು ಬಂದ ಅರಣ್ಯ ಇಲಾಖೆಯ ಹೊಸ ಅಧಿಕಾರಿಯ ಕಣ್ಣಿಗೆ ಬಿತ್ತು. ರೈಫಲ್ಲಿನವನು ಯಾರೆಂದು ಕ್ವಾರಿಯವರಿಗೆ ಗೊತ್ತೇ ಇರಲಿಲ್ಲವಂತೆ. ಪಕ್ಕದಲ್ಲಿ ನಿಂತವನ ಮನೆ ಮಾತ್ರ ತಕ್ಷಣ ತೋರಿಸಿದರು.

ಬೆಳಗಿನ ಹಾಲು ಹಾಕುವ ಹೊತ್ತು. ಡೈರಿ ಮುಂದೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ನಾನೂ ಅಪ್ಪನೂ ದೊಡ್ಡಪ್ಪನೂ ಇದ್ದೆವು. ಜೀಪು ಬಂದು ನಿಂತಿತು. ಅಧಿಕಾರಿ ಫೋಟೋ ಹಿಡಿದು ದೊಡ್ಡಪ್ಪನನ್ನು ಕೇಳಿದ, "ಈ ಜಿಂಕೆ ಹೊಡೆದವರು ಯಾರು? ಜೈಲಿಗೆ ಹೋಗ್ತೀಯ, ಗೊತ್ತಾ?"

ದೊಡ್ಡಪ್ಪ ಕೈ ಮುಗಿದ. "ಸಾ, ಅದು ಜಿಂಕೆ ಅಲ್ಲ ಸಾ. ಹೋತ."

"ಏನು?"

"ಹೋತ ಸಾ. ಆಡು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೋತ ಮಾರಿದ ಹೆಂಗಸೂ ಅಲ್ಲೇ ಇದ್ದಳು. "ಊಂ ಸಾ, ನಮ್ದೇ ಹೋತ. ಒಂದ್ ಕಾಲು ಕುಂಟ," ಅಂದಳು. ಅಜ್ಜಿಯನ್ನು ಕರೆಸಿ ಕೇಳಿದರೆ, "ನಾನೇ ಬೇಯ್ಸಿದ್ದು ಕಣಪ್ಪ. ಬೆಂದರೆ ತಾನೆ!" ಅಂದಳು. ಇಡೀ ಡೈರಿ ನಕ್ಕಿತು. ಅಧಿಕಾರಿಗೂ ನಗು ಬಂತು, ಆದರೆ ಅವನು ದಡ್ಡನಲ್ಲ.

"ಸರಿ. ಕೊಂಬು? ಕೊಂಬೂ ಹೋತದ್ದೇನಾ?"

ನಗು ನಿಂತಿತು. ಅಷ್ಟೂ ವರ್ಷ ತಾನೇ ಹೊಡೆದೆನೆಂದು ಮೆರೆದವನು ಅವತ್ತು ಮೊದಲ ಸಲ ನಿಜ ಹೇಳಿದ. "ನಾನು ಒಂದೂ ಹೊಡ್ದಿಲ್ಲ ಸಾ. ನಂಗೆ ಗುರಿ ಇಡಿಯಾಕೇ ಬರಾಕಿಲ್ಲ. ದೇವ್ರಾಣೆಗೂ," ಅಂದು ಬೆರಳು ಚಾಚಿದ. "ಅದುನ್ನ ಹೊಡ್ದೋನು ಇವ್ನು. ನನ್ ತಮ್ಮ."

ಅಪ್ಪ ಹಾಲಿನ ಕ್ಯಾನನ್ನು ನನ್ನ ಕೈಗೆ ಕೊಟ್ಟ. "ಊಂ ಸಾ, ನಾನೇ. ಐದಾರು ವರ್ಸ ಆಯ್ತು," ಅಂದ. ಅಷ್ಟೇ. ಜೀಪು ಹತ್ತಿ ಕೂತ. ಕೋವಿಯನ್ನೂ ಕೊಂಬನ್ನೂ ಅದೇ ಜೀಪಿನಲ್ಲಿ ಹಾಕಿಕೊಂಡು ಹೋದರು. ದೊಡ್ಡಪ್ಪ ಹಿತ್ತಲಿನ ರೇಷ್ಮೆ ಹುಳ ಸಾಕುವ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಹುಳುಗಳಾದರೂ ಸೊಪ್ಪು ತಿನ್ನುವಾಗ ಸದ್ದು ಮಾಡುತ್ತವೆ; ಅವನಿಂದ ಅದೂ ಇಲ್ಲ.

ಅಪ್ಪ ಸಂಜೆಯ ಬಸ್ಸಿಗೆ ಬಂದ. ಇಡೀ ದಿನ ಕೂರಿಸಿ, ಬೈದು, ಹೇಳಿಕೆ ಬರೆಸಿಕೊಂಡಿದ್ದರು. ಆಮೇಲೆ ಒಂದು ವರ್ಷ ಕನಕಪುರದ ಕೋರ್ಟಿಗೆ ಅಲೆದ, ದಂಡ ಕಟ್ಟಿ ಕೇಸು ಬಿಡಿಸಿಕೊಂಡ. ಆ ಸಂಜೆ ಬಸ್ಸಿಳಿದು ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತವನು, "ಅಣ್ಣ ಉಂಡನಾ? ಕರಿಯೋಗವ್ವ," ಅಂದ.

"ಅವ್ನ್ಯಾಕೆ? ಎಲ್ಲಾರ್ ಮುಂದೆ ನಿನ್ನ ಇಡ್ಕೊಟ್ಟೋನು!" ಅಂದೆ ನಾನು.

"ಹೇಳಿದ್ದು ದಿಟ ತಾನೆ?"

"ಅದುನ್ನ ಇಷ್ಟ್ ವರ್ಸ ಯಾಕ್ ಹೇಳ್ಲಿಲ್ಲ?"

ಅಪ್ಪ ಎದ್ದು ತಾನೇ ಹೋಗಿ ರೇಷ್ಮೆ ಮನೆಯ ಬಾಗಿಲು ಬಡಿದು ಅವನನ್ನು ಕರೆತಂದ. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಮುದ್ದೆ ನುಂಗಿದರು. ನಾನು ಬಡಿಸಲಿಲ್ಲ.

ಮುಂದೆ ಗುಡ್ಡ ಅರ್ಧವಾಯಿತು, ದೊಡ್ಡಪ್ಪನಿಗೆ ಕ್ವಾರಿ ಗೇಟಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ಖಾಕಿ ಬಟ್ಟೆ, ಕೈಯಲ್ಲೊಂದು ಬಿದಿರು ದೊಣ್ಣೆ. ಒಳಗೆ ಹೋಗುವ ಕಾರುಗಳಿಗೆಲ್ಲ ಸಲಾಮು ಹೊಡೆಯುತ್ತಿದ್ದ. ನಾನು ಕಾಲೇಜಿಗೆ ಹೋಗುವ ಬಸ್ಸು ಆ ಗೇಟಿನ ಮುಂದೆಯೇ ಹಾಯುತ್ತಿತ್ತು. ಕಿಟಕಿಯಲ್ಲಿ ನನ್ನನ್ನು ಕಂಡರೆ ಕೈ ಎತ್ತುತ್ತಿದ್ದ. ನಾನು ಪುಸ್ತಕ ತೆರೆದು ಅದರೊಳಗೆ ಮುಖ ಹಾಕುತ್ತಿದ್ದೆ. ಅದನ್ನೂ ಅವನು ಅಪ್ಪನಿಗೆ ದೂರು ಹೇಳಿದ.

"ಒಂದ್ ಕೈ ಎತ್ತುದ್ರೆ ನಿನ್ ಗಂಟೇನ್ ಓಯ್ತದೆ ಮಗಾ? ವಯಸ್ಸಾಗೈತೆ ಅವ್ನಿಗೆ," ಅಂದ ಅಪ್ಪ.

ಆಯಿತು ಅಂದೆ. ಮೂರು ವರ್ಷ ಅದೇ ಬಸ್ಸಿನಲ್ಲಿ ಓಡಾಡಿದೆ, ಒಂದು ದಿನವೂ ಕೈ ಎತ್ತಲಿಲ್ಲ.