ನಾದಿನಿಯ ಪಾಠ, ನನ್ನ ಸರದಿ

ತೆಕ್ಕಟ್ಟೆಯ ಈ ಮನೆಗೆ ಸೊಸೆಯಾಗಿ ಬರುವ ಮೊದಲು ನಾನು ಬೈಂದೂರಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಬಂದಾಗ ನಾದಿನಿ ಆಗಷ್ಟೇ ಕುಂದಾಪುರದ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ ಇಂಗ್ಲಿಷ್ ಟೀಚರ್ ಆಗಿ ಸೇರಿದ್ದಳು. ನಾನೂ ಕೆಲಸ ಹುಡುಕುತ್ತೇನೆ ಎಂದದ್ದಕ್ಕೆ ಅತ್ತೆ, "ಇಬ್ರೂ ಹ್ವಾರೆ ಮನಿ ಕಾಂಬುದ್ ಯಾರ್? ಅವ್ಳ್ ಮದಿ ಆಯ್ಲಿ, ಮತ್ ನೀ ಹೋಗ್" ಎಂದರು. ನಾದಿನಿಯ ಮದುವೆಯಾಗುವವರೆಗೆ ಮನೆ ನೋಡಿಕೊಳ್ಳುವುದು ನನ್ನ ಪಾಲು. ಮುಂಬೈಯ ಹೋಟೆಲಿನಲ್ಲಿರುವ ಗಂಡನಿಗೆ ಫೋನ್ ಮಾಡಿದರೆ, "ಅಬ್ಬಿ ಹೇಳ್ದಾಂಗೆ ಮಾಡ್" ಅಂತ ಅಮ್ಮನ ಪರವಾಗಿ ಒಂದೇ ಮಾತು. ಮಹಾ ಉಪಕಾರವಾಯಿತು.

ಶಾಲೆ ಅವಳದು, ಪಾಠ ತಯಾರಾಗುತ್ತಿದ್ದದ್ದು ನಮ್ಮ ಅಡುಗೆಮನೆಯಲ್ಲಿ. ನಾನು ಬಂಗುಡೆ ಮೀನು ಕೊಯ್ಯುತ್ತ ಹೇಳಿಕೊಡುವುದು: ಒಬ್ಬನಾದರೆ ಪರ್ಸನ್, ಹಲವರಾದರೆ ಪೀಪಲ್, ಒಂದು ಮಗು ಚೈಲ್ಡ್, ತುಂಬ ಇದ್ದರೆ ಚಿಲ್ಡ್ರನ್. ಅವಳು ಮತ್ತೆ ಮತ್ತೆ "ಚಿಲ್ಡ್ರನ್ಸ್" ಎನ್ನುವಳು. ಒಮ್ಮೆ ಶಾಲೆಯ ವಾಚ್‌ಮನ್ ಬಗ್ಗೆ "ದಟ್ ಪೀಪಲ್ ಈಸ್ ಗುಡ್" ಅಂದಳು. ನಮ್ಮ ಕಡೆ ಒಬ್ಬನೇ ಇದ್ದರೂ 'ಒಳ್ಳೆ ಜನ' ಎನ್ನುತ್ತೇವಲ್ಲ, ಅದನ್ನೇ ಎತ್ತಿ ಇಂಗ್ಲಿಷಿಗೆ ಇಟ್ಟಿದ್ದಳು. ಇಬ್ಬರೂ ನಕ್ಕೆವು. ನನಗೆ ಹೊಟ್ಟೆಯೊಳಗೆ ಉರಿ. ಬೇಕೆಂದೇ ತಪ್ಪು ಹೇಳಿಕೊಡಲೇ ಎಂದೂ ಅನಿಸಿದ್ದುಂಟು. ಆದರೆ ಟೀಚರ್ ಎಂದರೆ ಗಂಡು ಬೇಗ ಸಿಗುತ್ತದೆ. ಅವಳ ಕೆಲಸ ಹೋದರೆ ಮದುವೆಯೂ ಮುಂದೆ ಹೋಗುತ್ತದೆ, ನನ್ನ ಸರದಿಯೂ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳ ಗತಿ. ಸರಿಯಾಗಿಯೇ ಹೇಳಿಕೊಟ್ಟೆ.

ಅಂತೂ ಬ್ರಹ್ಮಾವರದ ಕಡೆಯ ಗಂಡು ಗೊತ್ತಾಯಿತು. ಅವಳಿಗಿಂತ ನನಗೇ ಹೆಚ್ಚು ಖುಷಿ. ಬೈಂದೂರಿನಲ್ಲಿ ನಾನು ಶಾಲೆಗೆ ಉಡುತ್ತಿದ್ದ ಹಳೆಯ ಕಾಟನ್ ಸೀರೆಗಳನ್ನು ಹೊರಗೆ ತೆಗೆದು ಇಸ್ತ್ರಿಯನ್ನೂ ಮಾಡಿಟ್ಟೆ.

ಅದೇ ವಾರ ಒಂದು ಸಂಜೆ ಶಾಲೆಯ ಹೆಡ್‌ಮಿಸ್ ನಾದಿನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು. "ನೀವು ಮದುವೆಯಾಗಿ ಹೋದ ಮೇಲೆ ನಿಮ್ಮ ಜಾಗಕ್ಕೆ ಇಂಗ್ಲಿಷ್ ಟೀಚರ್ ಬೇಕಲ್ಲ. ನಿಮ್ಮ ಗುರ್ತದವರು ಯಾರಾದರೂ ಇದ್ದಾರಾ?"

ನಾದಿನಿ ನನ್ನನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. ಅತ್ತೆ ಬೇಡ ಎಂಬಂತೆ ತಲೆಯಾಡಿಸಿದರು.

"ಇಲ್ಲ ಮೇಡಂ, ಯಾರೂ ಇಲ್ಲ."

ಇವತ್ತು ಬಾಯಿಗೆ ಬಂದದ್ದೆಲ್ಲ ಹೇಳಿಯೇ ಬಿಡುತ್ತೇನೆ ಎಂದು ಎದ್ದೆ. ಅಷ್ಟರಲ್ಲಿ ಅತ್ತೆ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಅವ್ಳ್ ಹೋತ್ಲ್. ನೀನೂ ಹ್ವಾರೆ ನಂಗ್ ಯಾರ್ ಇದ್ರ್ ಹೆಣೆ?"

ಬೈದಿದ್ದರೆ ನಾಲ್ಕು ಮಾತು ತಿರುಗಿ ಬೈದು ಮರುದಿನವೇ ಆ ಶಾಲೆಗೆ ಹೋಗಲು ಕುಂದಾಪುರದ ಬಸ್ ಹತ್ತುತ್ತಿದ್ದೆ. ಅವರು ಕೈ ಬಿಡಲೇ ಇಲ್ಲ.