ಸೋಮವಾರದ ಬ್ಯಾಗುಗಳು

ಕುರುಗೋಡಿನ ಸುಂಕಮ್ಮ ಬಳ್ಳಾರಿ ಕಂಟೋನ್ಮೆಂಟಿನ ಖಾಸಗಿ ಶಾಲೆಯೊಂದರಲ್ಲಿ ಆಯಾ. ಕಸ ಹೊಡೆಯುವುದು, ಗಂಟೆ ಬಾರಿಸುವುದು ಅವಳಿಗೆ ಭಾರವಲ್ಲ. ಭಾರವೆಂದರೆ ಸೋಮವಾರದ ಕೆಲಸ. ಶನಿವಾರದ ಪರೀಕ್ಷೆಯ ಅಂಕದ ಪ್ರಕಾರ ಹತ್ತನೇ ತರಗತಿಯ ಮಕ್ಕಳ ಜಾಗ ಬದಲಾಗುತ್ತದೆ. ಮುಂದಿನ ಬೆಂಚು ಬುದ್ಧಿವಂತರಿಗೆ, ಕೊನೆಯದು ದಡ್ಡರಿಗೆ. ಊಟವೂ ಅವರವರ ಬೆಂಚಿನಲ್ಲೇ. ಹೆಡ್‌ಮಾಸ್ತರ ಗುರುಸ್ವಾಮಿ ಪಟ್ಟಿ ಕೊಡುತ್ತಾರೆ. ಪ್ರಾರ್ಥನೆ ಮುಗಿಯುವುದರೊಳಗೆ ಸುಂಕಮ್ಮ ಬ್ಯಾಗುಗಳನ್ನು ಹೊತ್ತು ಹೊಸ ಜಾಗದಲ್ಲಿಡಬೇಕು.

ಸಿರುಗುಪ್ಪದ ಅಕ್ಷಿತಾ ಹಾಸ್ಟೆಲ್ ಹುಡುಗಿ. ದಸರೆ ರಜೆ ಮುಗಿಸಿ ಬಂದವಳು ಮಾತು ಬಿಟ್ಟಳು, ಊಟ ಬಿಟ್ಟಳು. ಕೊಳಗಲ್ಲಿನಿಂದ ಬಸ್ಸಿಗೆ ಬರುವ ಅರುಣಾ ಒಬ್ಬಳೇ ಗೆಳತಿ. ಅವಳು ರೊಟ್ಟಿ ಮುರಿದು ಕೈಗಿಟ್ಟು, "ತಿನ್ನಲೇ, ಇಲ್ಲಂದ್ರ ಮೂಗಿಗೆ ಚಟ್ನಿಪುಡಿ ಹಚ್ತೀನಿ" ಅಂದರೆ ಮಾತ್ರ ಅಕ್ಷಿತಾ ನಾಲ್ಕು ತುತ್ತು ತಿನ್ನುತ್ತಿದ್ದಳು. ಸುಂಕಮ್ಮ ಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದಳು.

ಅಕ್ಷಿತಾಳ ಅಂಕ ಕುಸಿದು ಕೊನೆಯ ಬೆಂಚು ಬಂದಾಗ ಸುಂಕಮ್ಮ ಅವಳ ಬ್ಯಾಗನ್ನು ಅರುಣಾಳ ಪಕ್ಕದಿಂದ ಎತ್ತಲೇ ಇಲ್ಲ. ಪಟ್ಟಿಯಂತೆ ಆ ಜಾಗಕ್ಕೆ ಬಂದ ಇನ್ನೊಬ್ಬಳು ಸೇರಿ ಮೂವರು ಒತ್ತಿಕೊಂಡು ಕೂತರು. ಮೂರು ಸೋಮವಾರ ಹಾಗೇ ನಡೆಯಿತು. ನಾಲ್ಕನೆಯದಕ್ಕೆ ಗುರುಸ್ವಾಮಿ ಹಿಡಿದರು.

"ಆ ಹುಡುಗಿ ಅಲ್ಲಿದ್ರನ ಉಣ್ತೈತ್ರಿ ಸರ್."

"ಇದೇನು ಸಾಲಿನೋ, ಖಾನಾವಳಿನೋ? ನಿನ್ನ ಮಗಳು ಇಲ್ಲಿ ಫೀಸಿಲ್ದ ಓದಾಕತ್ಯಾಳ, ನೆನಪೈತಿಲ್ಲ?"

ಸುಂಕಮ್ಮ ಬ್ಯಾಗ್ ಎತ್ತಿದಳು. ಅಕ್ಷಿತಾ ಅದರ ಹಿಂದೆಯೇ ನಡೆದಳು.

ಆ ವಾರವೆಲ್ಲ ಅವಳ ಡಬ್ಬಿ ಮುಚ್ಚಿದ್ದು ಮುಚ್ಚಿದಂತೇ ವಾಪಸ್ ಹೋಯಿತು. ಶನಿವಾರ ಪ್ರಶ್ನೆಪತ್ರಿಕೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಭಾನುವಾರ ಹಾಸಿಗೆಯಿಂದ ಏಳಲಿಲ್ಲ. ಅಪ್ಪ ಮರಿಬಸಪ್ಪ ಬಂದು ಊರಿಗೆ ಕರೆದೊಯ್ದ.

"ಬರೇ ಸೋಮಾರಿತನ, ನಾಕು ಮಾತು ಗದರಿಸ್ರಿ. ಪಬ್ಲಿಕ್ ಪರೀಕ್ಷಿಗೆ ಕರ್ಕಂಡ್ ಬರ್ರಿ" ಎಂದು ಗುರುಸ್ವಾಮಿ ಬುದ್ಧಿ ಹೇಳಿ ಕಳಿಸಿದರು.

ಸೋಮವಾರದ ಪಟ್ಟಿಯನ್ನು ಸುಂಕಮ್ಮ ಎರಡು ಸಲ ಓದಿದಳು. ಕೊನೆಯ ಬೆಂಚಿನಲ್ಲಿ ಅಕ್ಷಿತಾ, ಅವಳ ಪಕ್ಕ ಅರುಣಾ. ಯಾವತ್ತೂ ಮೊದಲ ಬೆಂಚು ಬಿಡದ ಅರುಣಾ!

ಪ್ರಾರ್ಥನೆ ತಪ್ಪಿಸಿ ಓಡಿಬಂದ ಅರುಣಾ ಕಿವಿಯಲ್ಲಿ ಹೇಳಿದಳು: "ಬೇಕಂತನ ಖಾಲಿ ಪೇಪರ್ ಕೊಟ್ಟೀನಿ ಸುಂಕಮ್ಮಕ್ಕ. ಇವತ್ತು ಎರಡು ರೊಟ್ಟಿ ಜಾಸ್ತಿ ತಂದೀನಿ. ಎಲ್ಲದಾಳ ಆಕಿ?"

ಸುಂಕಮ್ಮ ಪಟ್ಟಿಯಲ್ಲಿದ್ದಂತೆ ಅರುಣಾಳ ಬ್ಯಾಗನ್ನು ಕೊನೆಯ ಬೆಂಚಿಗೆ ಹೊತ್ತೊಯ್ದು, ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು ಇಟ್ಟಳು.